ಹೋಂಸ್ಟೇ ಹುಡುಕುವವರ ಕ್ಲಿಕ್‌ಗೆ ನನ್ನ ದುಡ್ಡು

ಮಡಿಕೇರಿಯ ನಮ್ಮ ಮನೆಯಿಂದ ಕಾಫಿಪುಡಿ, ಕರಿಮೆಣಸು, ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಆನ್‌ಲೈನಲ್ಲಿ ಮಾರುತ್ತೇವೆ. ಗೂಗಲ್ ಆಡ್ಸ್‌ಗೆ ದಿನಕ್ಕೆ 300 ರೂಪಾಯಿ ಇಟ್ಟಿದ್ದೆ. ಮಧ್ಯಾಹ್ನದೊಳಗೆ ದುಡ್ಡು ಖಾಲಿ, ಆರ್ಡರ್ ಮಾತ್ರ ಇಲ್ಲ.

ಬಿಡ್ (ಒಂದು ಕ್ಲಿಕ್‌ಗೆ ಕೊಡಲು ಒಪ್ಪುವ ಮೊತ್ತ) ಜಾಸ್ತಿ ಮಾಡಿದೆ, ಫೋಟೋ ಬದಲಿಸಿದೆ. ಏನೂ ಆಗಲಿಲ್ಲ. ಕೊನೆಗೆ, ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಬಂತು ಎಂದು ತೋರಿಸುವ ‘ಸರ್ಚ್ ಟರ್ಮ್ಸ್’ ರಿಪೋರ್ಟ್ ತೆರೆದೆ. ಜನ ಹುಡುಕಿದ್ದು ‘ಕೂರ್ಗ್ ಕಾಫಿ ಎಸ್ಟೇಟ್ ಹೋಂಸ್ಟೇ’, ‘ಕಾಫಿ ತೋಟ ಮಾರಾಟಕ್ಕೆ’! ನಾನು ‘ಕೂರ್ಗ್ ಕಾಫಿ’ ಎಂಬ ಕೀವರ್ಡನ್ನು (ಜಾಹೀರಾತು ಬರಲು ನಾವು ಆರಿಸುವ ಹುಡುಕು ಪದ) ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಅದಕ್ಕೆ ಸಂಬಂಧಪಟ್ಟ ಯಾವ ಹುಡುಕಾಟಕ್ಕೂ ಜಾಹೀರಾತು ಬರಬಹುದಾದ ರೀತಿಯಲ್ಲಿ, ಬಿಟ್ಟಿದ್ದೆ. ಕೂರ್ಗ್ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಪ್ರವಾಸ ಅಲ್ವಾ?

ಹೋಂಸ್ಟೇ, ರೆಸಾರ್ಟ್, ಎಸ್ಟೇಟ್ ಎಲ್ಲವನ್ನೂ ನೆಗೆಟಿವ್ ಕೀವರ್ಡ್ (ಆ ಪದ ಇದ್ದರೆ ಜಾಹೀರಾತು ಬರಬಾರದು ಎಂಬ ಪಟ್ಟಿ) ಮಾಡಿದೆ. ಇಲ್ಲೊಂದು ಎಚ್ಚರ ಬೇಕು: ಏಕವಚನ, ಬಹುವಚನ ಎರಡನ್ನೂ ಬೇರೆಬೇರೆ ಸೇರಿಸಿ. ಒಂದು ಹಾಕಿದರೆ ಇನ್ನೊಂದು ತಾನಾಗಿ ನಿಲ್ಲುವುದಿಲ್ಲ. ‘ಕೂರ್ಗ್ ಕಾಫಿ ಪುಡಿ’ ಎಂದು ಫ್ರೇಸ್ ಮ್ಯಾಚ್‌ಗೆ (ಆ ಪದಗುಚ್ಛದ ಅರ್ಥ ಇರುವ ಹುಡುಕಾಟಕ್ಕೆ ಮಾತ್ರ) ಬದಲಾಯಿಸಿದೆ. ಕಾಚಂಪುಳಿಗೆ ಬೇರೆ ಆಡ್ ಗ್ರೂಪ್ (ತನ್ನದೇ ಕೀವರ್ಡ್, ಜಾಹೀರಾತು ಇರುವ ಗುಂಪು) ಮಾಡಿದೆ. ಅದನ್ನು ಹುಡುಕುವವರು ಕಡಿಮೆ. ಆದರೆ ಅವರು ಪಂದಿಕರಿ (ಕೊಡಗಿನ ಹಂದಿಮಾಂಸದ ಅಡುಗೆ) ಮಾಡಲು ಹೊರಟವರು, ಸುಮ್ನೆ ನೋಡಿ ಹೋಗುವವರಲ್ಲ. ಜಾಹೀರಾತಿನ ಲಿಂಕನ್ನೂ ಮುಖಪುಟದ ಬದಲು ನೇರ ಆ ಸಾಮಾನಿನ ಪುಟಕ್ಕೇ ಕೊಟ್ಟೆ.

ಮೂರನೇ ವಾರಕ್ಕೆ ಬೆಂಗಳೂರು, ಮೈಸೂರಿನಿಂದ ಆರ್ಡರ್ ಶುರುವಾಯಿತು, ಅದೇ 300 ರೂಪಾಯಿಯಲ್ಲಿ. ಈಗಲೂ ಪ್ರತಿ ಸೋಮವಾರ ರಿಪೋರ್ಟ್ ನೋಡುತ್ತೇನೆ. ಮೊನ್ನೆ ‘ಕಾಫಿ ಗಿಡ ನರ್ಸರಿ’ ಎಂದು ಬಂದಿತ್ತು, ಅದನ್ನೂ ತಡೆದೆ.