ಮಾಡಿಫೈ ಮಾಡಿದ ಹಳೇ ಕಾರಿಗೆ ಕ್ಲೇಮು ಕಡಿಮೆ ಬಂದರೆ: ಶೀಟು ಹಿಡಿದು ಕೇಳುವ ಬಗೆ

ಅಪಘಾತದ ಕ್ಲೇಮಿಗೆ ವಿಮಾ ಕಂಪನಿ ಕಳಿಸಿದ ಮೊತ್ತ ನೋಡಿ ತಲೆ ಬಿಸಿಯಾಗುವುದು ಸಹಜ. ಆದರೆ ಏಜೆಂಟನ ಜೊತೆ ಫೋನಿನಲ್ಲಿ ಕೂಗಾಡಿದರೆ ಒಂದು ರೂಪಾಯಿಯೂ ಏರುವುದಿಲ್ಲ. ನಿಮ್ಮ ಪದ್ಮಿನಿ ಅಥವಾ ಕಾಂಟೆಸ್ಸಾ ಎಷ್ಟು ಅಪರೂಪದ್ದು, ಅಪ್ಪನ ಕಾಲದಿಂದ ಹೇಗೆ ಜೋಪಾನವಾಗಿ ಬಂತು ಎಂಬುದಕ್ಕೂ ಅಲ್ಲಿ ಬೆಲೆ ಇಲ್ಲ. ಅಲ್ಲಿ ನಡೆಯುವುದು ಒಂದೇ: ಸರ್ವೇಯರ್ (ಹಾನಿ ನೋಡಿ ಲೆಕ್ಕ ಹಾಕಲು ಕಂಪನಿ ಕಳಿಸುವವನು) ಯಾವ ಸಾಲಿನಲ್ಲಿ ಎಷ್ಟು ಕಳೆದ, ಯಾಕೆ ಕಳೆದ.

ಹಾಗಾಗಿ ಮೊದಲ ಕೆಲಸ, ಸರ್ವೇ ವರದಿ ಮತ್ತು ಅದರ ಜೊತೆಗಿರುವ ಅಸೆಸ್‌ಮೆಂಟ್ ಶೀಟಿನ (ಸಾಲು ಸಾಲಾಗಿ ಕಳೆದ ಲೆಕ್ಕದ ಹಾಳೆ) ಪ್ರತಿಯನ್ನು ಇಮೇಲ್‌ನಲ್ಲಿ ಕೇಳುವುದು. ವರದಿಯ ಪ್ರತಿ ನಿಮಗೆ ಸಿಗಬೇಕಾದದ್ದೇ. ಕೊಡುವುದಿಲ್ಲ ಅಂದರೆ ಆ ಉತ್ತರವನ್ನೂ ಎತ್ತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ನಡುವೆ 'ಫುಲ್ ಅಂಡ್ ಫೈನಲ್' ಎಂದು ಬರೆದ ಡಿಸ್ಚಾರ್ಜ್ ವೋಚರಿಗೆ, ಅಂದರೆ ಇಷ್ಟಕ್ಕೇ ಲೆಕ್ಕ ಮುಗಿಯಿತೆಂದು ಒಪ್ಪುವ ರಸೀದಿಗೆ, ಸಹಿ ಹಾಕಬೇಡಿ. ದುಡ್ಡು ನೇರವಾಗಿ ಖಾತೆಗೆ ಬಿದ್ದಿದ್ದರೆ ಅದೇ ದಿನ ಒಂದು ಸಾಲು ಬರೆದು ಕಳಿಸಿ: 'ಈ ಮೊತ್ತವನ್ನು ಭಾಗಶಃ ಪಾವತಿಯೆಂದು, ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ.' ಸಹಿ ಆಗಿಹೋಗಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಮೋಸದಿಂದಲೋ ಒತ್ತಡದಿಂದಲೋ ತಪ್ಪು ಹೇಳಿಯೋ ಹಾಕಿಸಿದ ಸಹಿ ಗ್ರಾಹಕನನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಆ ಒತ್ತಡವನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಸಹಿ ಹಾಕದಿರುವುದೇ ಸುಲಭ.

ಈಗ ಶೀಟು. ಹಳೇ ಕಾರಿನ ದುಡ್ಡು ಸೋರುವುದು ಸವಕಳಿ ಕಾಲಂನಲ್ಲಿ, ಗ್ಯಾರೇಜಿನವರ ಮಾತಿನಲ್ಲಿ ಡಿಪ್ರಿಸಿಯೇಷನ್. ಮಾಮೂಲಿ ಪಾಲಿಸಿಯಲ್ಲಿ ದರ ಹೀಗಿದೆ: ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಟ್ಯೂಬು, ಬ್ಯಾಟರಿಗೆ 50%. ಫೈಬರ್ ಗ್ಲಾಸ್ ಭಾಗಗಳಿಗೆ 30%. ಗಾಜಿಗೆ ಸವಕಳಿಯೇ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ: 5ರಿಂದ 10 ವರ್ಷದ ಗಾಡಿಗೆ 40%, 10 ದಾಟಿದರೆ 50%. ಬಣ್ಣಕ್ಕೆ ಮೆಟೀರಿಯಲ್ ಬೆಲೆಯ ಮೇಲೆ ಮಾತ್ರ 50%. ಬಣ್ಣದ ಬಿಲ್ಲು ಒಟ್ಟಾಗಿದ್ದರೆ ಅದರ 25% ಭಾಗವನ್ನು ಮೆಟೀರಿಯಲ್ ಎಂದು ಹಿಡಿಯಬೇಕು. ಕೂಲಿಗೆ ಸವಕಳಿ ಇಲ್ಲ.

ಆ ಕೊನೆಯ ಮಾತನ್ನು ಗೋಡೆಗೆ ಬರೆದಿಟ್ಟುಕೊಳ್ಳಬಹುದು. ಹೊಸ ಕಾರಿನ ಫೆಂಡರ್ ಹೋದರೆ ಶೋರೂಮಿನವರು ಪೆಟ್ಟಿಗೆಯಿಂದ ತೆಗೆದು ಹಾಕುತ್ತಾರೆ, ಅದು ಪಾರ್ಟು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಅದರ ಫೆಂಡರನ್ನು ಬನ್ನಿಮಂಟಪದ ಕಡೆಯೋ ಮಂಡ್ಯದಲ್ಲೋ ಟಿಂಕರ್ (ಬಾಡಿ ಬಡಿದು ಸರಿಮಾಡುವವನು) 20 ಗೇಜ್ ತಗಡು ಕತ್ತರಿಸಿ, ಸುತ್ತಿಗೆಯಲ್ಲಿ ಬಡಿದು ಬಡಿದು, ಹಳೇ ಅಂಚಿಗೆ ಹೊಂದಿಸಿ, ವೆಲ್ಡ್ ಮಾಡಿ ಕೂರಿಸುತ್ತಾನೆ. ಇದರಲ್ಲಿ ತಗಡಿನ ಖರ್ಚು ಕಡಿಮೆ, ದಿನಗಟ್ಟಲೆ ಕೈಕೆಲಸವೇ ಹೆಚ್ಚು. ಆದರೆ ಶೆಡ್ಡಿನವರು ಬಿಲ್ಲಿನಲ್ಲಿ 'ಬಾಡಿ ವರ್ಕ್, ಮೆಟೀರಿಯಲ್ ಸೇರಿ' ಎಂದು ಒಂದೇ ಸಾಲು ಗೀಚಿ ಕೊಟ್ಟುಬಿಡುತ್ತಾರೆ. ಸರ್ವೇಯರ್ ಅದನ್ನು ಲೋಹದ ಪಾರ್ಟು ಎಂದು ಹಿಡಿದು ಅರ್ಧ ಕಳೆಯುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ಬಿಲ್ಲಿನಲ್ಲಿ ಇದ್ದದ್ದು ಅಷ್ಟೇ.

ಒಂದು ಲೆಕ್ಕ ಹಾಕೋಣ. ಮುಂಭಾಗ ಜಜ್ಜಿಹೋದ 1,089 ಸಿಸಿ ಪದ್ಮಿನಿ. ಲೋಹದ ಸಾಮಾನು 38,000, ರಬ್ಬರ್ ಮತ್ತು ಪ್ಲಾಸ್ಟಿಕ್ 4,000, ಮುಂದಿನ ಗ್ಲಾಸು 6,500, ಬಣ್ಣ 32,000, ಟಿಂಕರಿಂಗ್ ಕೂಲಿ 36,000. ಒಟ್ಟು 1,16,500 ರೂಪಾಯಿ. ಸರಿಯಾಗಿ ಬಿಡಿಸಿದರೆ ಲೋಹಕ್ಕೆ 19,000, ರಬ್ಬರ್ ಸಾಲಿಗೆ 2,000, ಗ್ಲಾಸಿಗೆ ಪೂರ್ತಿ 6,500 ಬರಬೇಕು. ಬಣ್ಣದ 32,000ದಲ್ಲಿ ಮೆಟೀರಿಯಲ್ 8,000, ಅದರಲ್ಲಿ ಅರ್ಧ ಹೋದರೆ 28,000. ಕೂಲಿ ಪೂರ್ತಿ 36,000. ಕೂಡಿಸಿದರೆ 91,500. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲೂ ನೀವೇ ಹೊರಬೇಕಾದ ಪಾಲು) 1,000 ತೆಗೆದರೆ 90,500.

ಇದೇ ಕೆಲಸಕ್ಕೆ ಲೋಹ ಮತ್ತು ಕೂಲಿಯನ್ನು 74,000 ಎಂದು ಒಂದೇ ಸಾಲಿನಲ್ಲಿ ಬರೆದರೆ ಅದರಲ್ಲಿ ಅರ್ಧ ಮಾತ್ರ ಸಿಗುತ್ತದೆ. ಕೈಗೆ ಬರುವುದು 72,500. ಅದರ ಜೊತೆಗೆ ಬಣ್ಣದ ಪೂರ್ತಿ ಬಿಲ್ಲಿನ ಮೇಲೂ 50% ಎಳೆದರೆ (ಈ ತಪ್ಪು ಕಣ್ಣಿಗೆ ಬೀಳುತ್ತಲೇ ಇರುತ್ತದೆ) ಇನ್ನೂ 12,000 ಹೋಗಿ 60,500ಕ್ಕೆ ಬಂದು ನಿಲ್ಲುತ್ತೀರಿ. ಕಾರು ಅದೇ, ಪೆಟ್ಟು ಅದೇ, 30,000 ಮಾಯ.

ಹಾಗಾಗಿ ಶೆಡ್ಡಿನವರಿಂದ ಬಿಡಿಸಿದ ಬಿಲ್ಲು ಮಾಡಿಸಿ: ತಗಡು ಎಷ್ಟು ಅಡಿ, ಎಷ್ಟು ಬೆಲೆ, ಕತ್ತರಿಸಿ ಬಡಿದದ್ದಕ್ಕೆ ಎಷ್ಟು ದಿನದ ಕೂಲಿ, ವೆಲ್ಡಿಂಗ್ ಬೇರೆ, ಬಿಚ್ಚಿ ಜೋಡಿಸಿದ್ದು ಬೇರೆ. ಸುಳ್ಳು ಸೇರಿಸಬಾರದು, ನಿಜವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿದರೆ ಸಾಕು. ಇದನ್ನು ಎಸ್ಟಿಮೇಟ್ ಕೊಡುವಾಗಲೇ ಮಾಡಿಸಿದರೆ ಜಗಳವೇ ಬೇಕಿಲ್ಲ. ನಂತರ ಮಾಡಿಸಿದರೆ ಬಡಿಯುವ ಕೆಲಸದ ಫೋಟೋಗಳೂ ಜೊತೆಗಿರಲಿ: ಕತ್ತರಿಸಿದ ತಗಡು, ಅರ್ಧ ಬಾಗಿದ ಫೆಂಡರು, ಬಣ್ಣ ಹಚ್ಚುವ ಮುಂಚಿನ ವೆಲ್ಡಿಂಗ್ ಗೆರೆ. ಬಣ್ಣ ಆದ ಮೇಲೆ ತೆಗೆದ ಫೋಟೋ ಅಂದವಾಗಿರುತ್ತದೆ, ಅಷ್ಟೇ.

ಮಾಡಿಫೈ ಮಾಡಿದ ಕಾರಿನಲ್ಲಿ ಇನ್ನೊಂದು ಸಾಲು ನೋಡಬೇಕು. ಫೈಬರ್ ಗ್ಲಾಸಿನ ಬಂಪರ್, ಫ್ಲೇರ್, ಸ್ಕರ್ಟ್ ಪಾಲಿಸಿಯಲ್ಲಿ ನಮೂದಾಗಿದ್ದರೆ ಅವಕ್ಕೆ 30% ಮಾತ್ರ ಕಳೆಯಬೇಕು. 'ಪ್ಲಾಸ್ಟಿಕ್' ಗುಂಪಿಗೆ ಸೇರಿಸಿ 50% ಕಳೆದಿದ್ದರೆ ಒಡೆದ ಚೂರಿನ ಅಂಚಿನ ಫೋಟೋ ಹತ್ತಿರದಿಂದ ತೆಗೆದು ಕಳಿಸಿ. ಫೈಬರ್ ಮುರಿದ ಕಡೆ ಬಿಳಿ ನಾರು ಎದ್ದಿರುತ್ತದೆ, ಪ್ಲಾಸ್ಟಿಕ್‌ನಲ್ಲಿ ಆ ನಾರು ಕಾಣುವುದಿಲ್ಲ.

ತುಕ್ಕಿನ ಕಡಿತವೂ ಹಾಗೆಯೇ. ಸವೆತ ಮತ್ತು ತುಕ್ಕು ಪಾಲಿಸಿಗೆ ಸೇರುವುದಿಲ್ಲ, ಅದು ಒಪ್ಪಬೇಕಾದ ಮಾತು. ಆದರೆ ಡೋರಿನ ಕೆಳಗಡೆ ತುಕ್ಕಿದೆ ಎಂದು ಬಾನೆಟ್ಟಿನ ದುಡ್ಡು ಕಳೆಯುವಂತಿಲ್ಲ. ಅಪಘಾತದಲ್ಲಿ ಹರಿದ ತಗಡಿನ ಅಂಚು ಮೊದಲ ಕೆಲವು ದಿನ ಬೆಳ್ಳಗೆ ಹೊಳೆಯುತ್ತದೆ; ಹಳೇ ತುಕ್ಕಿನ ತೂತಿನ ಅಂಚು ಪದರ ಪದರವಾಗಿ ಕಂದು ಪುಡಿ ಉದುರಿಸುತ್ತದೆ, ಮೇಲೆ ಪುಟ್ಟಿ ದಪ್ಪಗೆ ಕೂತಿರುತ್ತದೆ. ಮಳೆಗಾಲದಲ್ಲಿ ಕಾರು ಹೊರಗೆ ನಿಂತರೆ ವಾರದಲ್ಲಿ ಆ ಹೊಳಪು ಹೋಗಿ ಸಾಕ್ಷಿಯೂ ಹೋಗುತ್ತದೆ. ಟಾರ್ಪಾಲು ಹೊದಿಸಿ, ಅದಕ್ಕೂ ಮೊದಲು ಫೋಟೋ ತೆಗೆಯಿರಿ.

ಇನ್ನು ಮಾಡಿಫಿಕೇಷನ್. ಇಲ್ಲಿ ಕಂಪನಿಯವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ, ನೀವು ಬೇರೆ ಮಾಡಬೇಕು.

ಮ್ಯೂಸಿಕ್ ಸಿಸ್ಟಮ್, ಹೆಚ್ಚುವರಿ ಲೈಟು, ಅಲಾಯ್ ವೀಲ್, ಬಕೆಟ್ ಸೀಟು ಇಂಥವನ್ನು ಪಾಲಿಸಿಯಲ್ಲಿ ತೋರಿಸಿ ಪ್ರೀಮಿಯಂ ಕಟ್ಟಿಲ್ಲವಾದರೆ ಅವುಗಳ ದುಡ್ಡು ಬರುವುದಿಲ್ಲ. ಆದರೆ ಅದೇ ನೆಪದಲ್ಲಿ ಬಾಡಿಯ ಕ್ಲೇಮನ್ನೂ ತಳ್ಳಿದರೆ ಒಪ್ಪಬೇಡಿ. ಅಲಾಯ್ ವೀಲ್ ತೋರಿಸಿಲ್ಲವೆಂದರೆ ಕಾರಿನ ಜೊತೆಗೇ ಬರುವ ಮೂಲ ಸ್ಟೀಲ್ ವೀಲಿನ ಬೆಲೆಯನ್ನಾದರೂ ಹಿಡಿಯಿರಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಎಂಜಿನ್ ಬದಲಾವಣೆ ಮತ್ತು ಗ್ಯಾಸ್ ಕಿಟ್ ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇವಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಏರಬೇಕು. ಗ್ಯಾಸ್ ಕಿಟ್ ಪಾಲಿಸಿಯಲ್ಲೂ ನಮೂದಾಗಿರಬೇಕು. ಸರ್ವೇಯರ್ ಬಂದವನೇ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾನೆ, ಎಂಜಿನ್ ನಂಬರನ್ನೂ ತಾಳೆ ನೋಡುತ್ತಾನೆ. ಅವನಿಗಿಂತ ಮೊದಲೇ ನೀವು ನೋಡಿರಬೇಕು. ಎಂವೈ ಅಥವಾ ಸಿಎ ಎಂದು ಶುರುವಾಗುವ ಹಳೇ ನಂಬರಿನ ಗಾಡಿಗಳಲ್ಲಿ ಎಷ್ಟೋ ಸಲ ಎಂಜಿನ್ ಬದಲಾವಣೆ ಹಳೇ ಪುಸ್ತಕದಲ್ಲಿ ಕೈಬರಹದಲ್ಲಿ ಏರಿರುತ್ತದೆ, ಕಂಪ್ಯೂಟರಿಗೆ ಬಂದಿರುವುದಿಲ್ಲ. ಗಾಡಿಯ ದಾಖಲೆ ಇರುವ ಕಚೇರಿಯಲ್ಲಿ (ಮೈಸೂರು ಪಶ್ಚಿಮ ಕೆಎ-09, ಪೂರ್ವ ಕೆಎ-55, ಮಂಡ್ಯ ಕೆಎ-11) ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಹಳೇ ಆರ್‌ಸಿ ಪುಸ್ತಕದ ಆ ಪುಟದ ನಕಲಿನ ಜೊತೆ ಇಡಿ.

ಎಲ್ಲೂ ಏರಿಲ್ಲವೇ? ಆಗ ಪೂರ್ತಿ ಮೊತ್ತದ ಆಸೆ ಬಿಟ್ಟು ಎರಡು ಪ್ರಶ್ನೆ ಕೇಳಿ. ಪಾಲಿಸಿಯ ಯಾವ ಷರತ್ತು ಮುರಿದಿದೆ? ಈ ಬದಲಾವಣೆಗೂ ಅಪಘಾತಕ್ಕೂ ಏನು ಸಂಬಂಧ? ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದಿದರೆ ಎಂಜಿನ್ ಯಾವುದಾದರೇನು? ಷರತ್ತು ಮುರಿದ ಕ್ಲೇಮನ್ನು ಪೂರ್ತಿ ತಳ್ಳದೆ 'ನಾನ್-ಸ್ಟ್ಯಾಂಡರ್ಡ್' ಲೆಕ್ಕದಲ್ಲಿ, ಅಂದರೆ ಒಂದು ಪಾಲು ಕಡಿತ ಮಾಡಿ, ಇತ್ಯರ್ಥ ಮಾಡಬಹುದೆಂದು ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಹೇಳಿದೆ. ಈ ಲೆಕ್ಕದಲ್ಲಿ ಗರಿಷ್ಠ 75% ಸಿಗುವುದುಂಟು. ಅದನ್ನೇ ಬರವಣಿಗೆಯಲ್ಲಿ ಕೇಳಿ. ಆದರೆ ಅಪಘಾತದ ದಿನ ಆರ್‌ಸಿಯ ಅವಧಿಯೇ ಮುಗಿದಿದ್ದರೆ ದಾರಿ ಬಹಳ ಕಿರಿದು. ಹೊಗೆ ತಪಾಸಣೆ ಸರ್ಟಿಫಿಕೇಟ್ ಇಲ್ಲವೆಂಬ ಒಂದೇ ಕಾರಣಕ್ಕೆ ಮಾತ್ರ ಕ್ಲೇಮು ನಿರಾಕರಿಸುವಂತಿಲ್ಲ. ಇದನ್ನು ವಿಮಾ ನಿಯಂತ್ರಕರು 2020ರಲ್ಲೇ ಸ್ಪಷ್ಟಪಡಿಸಿದ್ದಾರೆ.

ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಕಾರಿಗೆ ಬರೆದ ವಿಮಾ ಬೆಲೆ) 75% ದಾಟಿದರೆ ಕಾರನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ನಷ್ಟ ಎಂದು ಹಿಡಿಯುತ್ತಾರೆ. ಮೇಲಿನ ಪದ್ಮಿನಿಯ ಐಡಿವಿ 80,000 ಆಗಿದ್ದರೆ ಮಿತಿ 60,000, ಅಂದರೆ 1,16,500ರ ರಿಪೇರಿಗೆ ಅವಕಾಶವೇ ಇಲ್ಲ. ಪ್ರೀಮಿಯಂ ಉಳಿಸಲು ಐಡಿವಿ ಇಳಿಸಿಕೊಂಡವರಿಗೆ ಇಲ್ಲಿ ಯಾವ ವಾದವೂ ನಿಲ್ಲುವುದಿಲ್ಲ. 5 ವರ್ಷ ದಾಟಿದ ಗಾಡಿಯ ಐಡಿವಿ ಎರಡೂ ಕಡೆಯವರು ಮಾತಾಡಿ ಒಪ್ಪಿದ ಮೊತ್ತ. ರಿನ್ಯೂವಲ್ ವೇಳೆಗೇ ಫೋಟೋ, ಖರ್ಚಿನ ಬಿಲ್ಲು, ವ್ಯಾಲ್ಯುಯೇಷನ್ ವರದಿ ಕೊಟ್ಟು ಏರಿಸಿಕೊಳ್ಳಬೇಕು. ಅದೇ ರೀತಿ, ಐಡಿವಿ 2,40,000 ಎಂದು ಒಪ್ಪಿ ಪ್ರೀಮಿಯಂ ತಗೊಂಡ ಕಂಪನಿ ಟೋಟಲ್ ಲಾಸ್ ಆದಮೇಲೆ 'ಮಾರ್ಕೆಟ್ಟಿನಲ್ಲಿ ಇದಕ್ಕೆ 1,50,000 ಮಾತ್ರ' ಎನ್ನುವಂತಿಲ್ಲ. ಪಾಲಿಸಿಯ ಅವಧಿ ಪೂರ್ತಿ ಐಡಿವಿಯೇ ಮಾರುಕಟ್ಟೆ ಬೆಲೆ, ಅದರ ಮೇಲೆ ಮತ್ತೆ ಸವಕಳಿ ಇಲ್ಲ ಎಂದು ಷರತ್ತಿನಲ್ಲೇ ಇರುತ್ತದೆ. ಆ ಸಾಲಿಗೆ ಗೆರೆ ಎಳೆದು ಕಳಿಸಿ.

ಕಾರನ್ನು ನೀವೇ ಉಳಿಸಿಕೊಳ್ಳುವುದಾದರೆ ಸಾಲ್ವೇಜ್ ಬೆಲೆ (ಜಜ್ಜಿದ ಕಾರಿಗೆ ಗುಜರಿಯಲ್ಲಿ ಸಿಗುವ ಬೆಲೆ) ಕಳೆದು ಕೊಡುತ್ತಾರೆ. ಆ ಬೆಲೆ ಎಲ್ಲಿಂದ ಬಂತು, ಯಾರು ಎಷ್ಟಕ್ಕೆ ಕೂಗಿದರು ಎಂದು ಕೇಳಿ. ಜೊತೆಗೆ ಇಬ್ಬರು ಗುಜರಿಯವರಿಂದ ಲಿಖಿತ ದರ ತನ್ನಿ. ಅವರ ಬೆಲೆ ಕಡಿಮೆ ಬಂದರೆ ಈ ಒಂದು ಕಡೆ ನಿಮಗೇ ಲಾಭ.

ತಕರಾರಿನ ಪತ್ರ ಚಿಕ್ಕದಾಗಿರಲಿ, ಒಂದು ಸಾಲಿಗೆ ಒಂದು ಪ್ಯಾರಾ. ಉದಾಹರಣೆಗೆ:

'ಶೀಟಿನ 4ನೇ ಸಾಲಿನಲ್ಲಿ ಎಡಗಡೆ ಫೆಂಡರಿನ 22,000 ರೂಪಾಯಿ ಮೇಲೆ 50% ಸವಕಳಿ ಕಳೆಯಲಾಗಿದೆ. ಇದರಲ್ಲಿ ತಗಡಿನ ಬೆಲೆ 3,500. ಉಳಿದ 18,500 ಕೂಲಿ (ಬಿಡಿಸಿದ ಬಿಲ್ಲು ಮತ್ತು 6 ಫೋಟೋ ಲಗತ್ತಿಸಿದೆ). ಕೂಲಿಗೆ ಸವಕಳಿ ಅನ್ವಯಿಸುವುದಿಲ್ಲ. ಕಡಿಮೆ ಪಾವತಿಯಾದ 9,250 ರೂಪಾಯಿ ಕೊಡಬೇಕು.'

ಇದನ್ನು ಕ್ಲೇಮು ನೋಡುತ್ತಿರುವವರಿಗಲ್ಲ, ಕಂಪನಿಯ ಗ್ರೀವೆನ್ಸ್ (ದೂರು ಪರಿಹಾರ) ಅಧಿಕಾರಿಗೆ ಕಳಿಸಿ. ವಿಮಾ ನಿಯಂತ್ರಕರ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ಅದೇ ದೂರು ದಾಖಲಿಸಿ. ಫೋನಿನಲ್ಲಾದರೆ 155255. ಖರ್ಚು ತಡೆಯುವಂತಿದ್ದರೆ ಲೈಸೆನ್ಸ್ ಇರುವ ಬೇರೊಬ್ಬ ಸರ್ವೇಯರಿಂದ ಸ್ವಂತ ವರದಿ ಮಾಡಿಸಿ. ಕಂಪನಿಯ ಸರ್ವೇಯರ್ ವರದಿಯೇ ಕೊನೆ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಆದರೂ ಅದನ್ನು ಅಲ್ಲಾಡಿಸಲು ಎದುರಿಗೆ ಇನ್ನೊಂದು ಲೆಕ್ಕ ಇರಬೇಕಲ್ಲ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಮುಂದಿನ ಮೆಟ್ಟಿಲು ವಿಮಾ ಓಂಬುಡ್ಸ್‌ಮನ್, ಅಂದರೆ ಗ್ರಾಹಕ ಮತ್ತು ವಿಮಾ ಕಂಪನಿ ನಡುವಿನ ದೂರು ತೀರ್ಮಾನಿಸುವ ಅಧಿಕಾರಿ. ಕರ್ನಾಟಕಕ್ಕೆಲ್ಲ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, 50 ಲಕ್ಷದವರೆಗಿನ ವಿವಾದ ನಡೆಯುತ್ತದೆ. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದ ಒಳಗೆ ಹೋಗಬೇಕು.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ, ಮೈಸೂರಿನಲ್ಲೂ ಮಂಡ್ಯದಲ್ಲೂ ಇದೆ. ಕಂಪನಿಯ ಆಫೀಸು ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅವಧಿ ಎರಡು ವರ್ಷ. ಕೊಟ್ಟ ಪ್ರೀಮಿಯಂ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಬರೀ ಸವಕಳಿ ಲೆಕ್ಕದ ತಕರಾರಾದರೆ ಓಂಬುಡ್ಸ್‌ಮನ್ ಸಾಕು. ಮಾಡಿಫಿಕೇಷನ್ ಕಾರಣಕ್ಕೆ ಪೂರ್ತಿ ನಿರಾಕರಿಸಿದ್ದು, ತೀರ್ಪುಗಳನ್ನು ಇಟ್ಟು ವಾದಿಸಬೇಕಾದರೆ ಆಯೋಗವೇ ಮೇಲು. ಎರಡೂ ಕಡೆ ಒಟ್ಟಿಗೆ ಹಾಕಬೇಡಿ. ಆಯೋಗದಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ದೂರು ತಗೊಳ್ಳುವುದಿಲ್ಲ.

ಇದೆಲ್ಲ ಮುಗಿಯುವವರೆಗೆ ಬಿಚ್ಚಿದ ಹಳೇ ಫೆಂಡರು, ಒಡೆದ ಫೈಬರ್, ಜಜ್ಜಿದ ರೇಡಿಯೇಟರನ್ನು ಶೆಡ್ಡಿನವರು ಗುಜರಿಗೆ ಹಾಕದಂತೆ ಚೀಟಿ ಅಂಟಿಸಿ, ಆಗದಿದ್ದರೆ ಮನೆಗೇ ತಂದು ಮೂಲೆಯಲ್ಲಿಡಿ. 'ಮತ್ತೊಮ್ಮೆ ಪಾರ್ಟು ತೋರಿಸಿ' ಎಂಬ ಕಾಗದ ಬರುವುದು ಸಾಮಾನ್ಯವಾಗಿ ಅವನ್ನು ತೂಕಕ್ಕೆ ಹಾಕಿದ ಮರುವಾರವೇ.