ಬಾಡಿಗೆ ಮನೆಗೆ ಪೋರ್ಟಬಲ್ ಎಸಿ: ಮೊದಲು ಕಿಟಕಿ ನೋಡಿ, ಆಮೇಲೆ ಮಷಿನ್

ನಾವಿರುವುದು ಬೆಂಗಳೂರಿನಲ್ಲಿ, ಬಿಲ್ಡಿಂಗಿನ ಕೊನೇ ಮಹಡಿಯಲ್ಲಿ. ತಲೆ ಮೇಲೆ ನೇರ ತಾರಸಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹನ್ನೊಂದಾದರೂ ಬಿಸಿ ಬಿಡುತ್ತಲೇ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಊರಿನ ಬಿಸಿ 38 ಡಿಗ್ರಿ ದಾಟಿದಾಗ ಎಸಿ ತರಲೇಬೇಕು ಅಂತಾಯಿತು.

ಸ್ಪ್ಲಿಟ್ ಎಸಿಗೆ ಗೋಡೆ ಕೊರೆಯಬೇಕು. ವಿಂಡೋ ಎಸಿಗೆ ಕಿಟಕಿಯ ಗ್ರಿಲ್ ಕತ್ತರಿಸಬೇಕು. ನಮ್ಮ ಓನರ್ ಆಂಟಿಯೋ, ಕ್ಯಾಲೆಂಡರ್ ಮೊಳೆ ಹೊಡೆಯೋದಿದ್ರೂ ಕೇಳಿ ಹೊಡೀರಿ ಅನ್ನುವವರು. ಅಡ್ವಾನ್ಸ್ ವಾಪಸ್ ಬರಬೇಕಲ್ವಾ? ಹಾಗಾಗಿ ಪೋರ್ಟಬಲ್ ಎಸಿಯೇ ಗತಿ. ನಿಮ್ಮ ಓನರ್ ಒಪ್ಪಿದರೆ ಮಾತ್ರ ಕಣ್ಣು ಮುಚ್ಚಿ ಸ್ಪ್ಲಿಟ್ ಹಾಕಿಸಿ. ಅಷ್ಟೇ ಕರೆಂಟಿಗೆ ಜಾಸ್ತಿ ತಂಪು, ಸದ್ದೂ ಕಡಿಮೆ.

ಆನ್‌ಲೈನಲ್ಲಿ ಹುಡುಕಿದರೆ ಸಾವಿರ ಎರಡು ಸಾವಿರಕ್ಕೆಲ್ಲ 'ಮಿನಿ ಎಸಿ' ಸಿಗುತ್ತದೆ. ಅದು ನೀರು ಹಾಕುವ ಪುಟ್ಟ ಕೂಲರ್, ಅಷ್ಟೆ. ನಿಜವಾದ ಪೋರ್ಟಬಲ್ ಎಸಿಗೆ ಬಿಸಿಗಾಳಿ ಹೊರಗೆ ಹಾಕಲು ಸುಮಾರು ಆರಿಂಚು ಅಗಲದ ಪೈಪ್ ಇದ್ದೇ ಇರುತ್ತದೆ. ಪೈಪ್ ಇಲ್ಲವೇ? ಮುಂದೆ ಹೋಗಿ.

ಈ ಪೈಪೇ ಎಲ್ಲ ಕಥೆ. ಬ್ರ್ಯಾಂಡ್ ನೋಡುವ ಮೊದಲು ನಾನು ಟೇಪ್ ಹಿಡಿದು ಕಿಟಕಿ ಅಳೆದೆ. ಪೈಪನ್ನು ಕಿಟಕಿಗೆ ಕೂರಿಸಲು ಮಷಿನ್ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿ, ಪಕ್ಕಕ್ಕೆ ಸರಿಯುವ ಸ್ಲೈಡಿಂಗ್ ಕಿಟಕಿಗೆ ಸರಿಹೋಗುತ್ತದೆ. ಬಾಗಿಲಿನ ಹಾಗೆ ತೆರೆಯುವ ಹಳೇ ಮರದ ಕಿಟಕಿಗೆ ಅದು ಕೂರುವುದಿಲ್ಲ. ನಮ್ಮದು ಸ್ಲೈಡಿಂಗ್, ಆದರೆ ಪಟ್ಟಿಗಿಂತ ಎತ್ತರ. ಉಳಿದ ಜಾಗಕ್ಕೆ ಅಕ್ರಿಲಿಕ್ ಶೀಟ್ ಕತ್ತರಿಸಿ, ಅಂಚಿಗೆ ಫೋಮ್ ಟೇಪ್ ಅಂಟಿಸಿದೆ. ಸೊಳ್ಳೆ ಮೆಶ್ ಪಕ್ಕಕ್ಕೆ ಸರಿಸಲೇಬೇಕು, ಇಲ್ಲದಿದ್ದರೆ ಗಾಳಿ ತಡೆದು ಮಷಿನ್ ಒದ್ದಾಡುತ್ತದೆ. ಪೈಪ್ ಗಿಡ್ಡವಾಗಿ, ನೇರವಾಗಿ ಇರಬೇಕು. ಅದೇ ಒಂದು ಹೀಟರ್ ಥರ ಬಿಸಿಯಾಗುತ್ತದೆ, ಅದಕ್ಕೇ ಫಾಯಿಲ್ ಇರುವ ಫೋಮ್ ಶೀಟ್ ಸುತ್ತಿದ್ದೇನೆ.

ಇನ್ನೊಂದು ವಿಷಯ ಅಂಗಡಿಯವರು ಯಾರೂ ಹೇಳುವುದಿಲ್ಲ. ಒಂಟಿ ಪೈಪಿನ ಮಷಿನ್ ಹೊರಗೆ ದೂಡುವ ಗಾಳಿ ಎಲ್ಲಿಂದ ಬರಬೇಕು? ನಿಮ್ಮ ರೂಮಿನಿಂದಲೇ. ತಂಪು ಮಾಡಿದ ಗಾಳಿಯಲ್ಲೇ ಒಂದು ಪಾಲು ಆಚೆ ಹೋಗುತ್ತದೆ. ಆ ಜಾಗ ತುಂಬಲು ಸಂದುಗೊಂದುಗಳಿಂದ ಬೇರೆ ಗಾಳಿ ನುಗ್ಗುತ್ತದೆ. ನಮಗೆ ಇದು ಗೊತ್ತಾಗಿದ್ದು ವಾಸನೆಯಿಂದ! ಅಟ್ಯಾಚ್ಡ್ ಬಾತ್‌ರೂಮಿನ ವೆಂಟಿಲೇಟರ್ ತೆರೆದೇ ಇರುತ್ತದೆ. ಬಾಗಿಲ ಕೆಳಗಿನ ಸಂದಿಯಿಂದ ಅಲ್ಲಿನ ಗಾಳಿಯೆಲ್ಲ ಮಂಚದ ಹತ್ತಿರ ಬರುತ್ತಿತ್ತು. ಬಾತ್‌ರೂಮ್ ಬಾಗಿಲ ಕೆಳಗೆ ಹಳೇ ಟವೆಲ್ ಒತ್ತಿದೆ. ಹಾಲ್ ಕಡೆಯ ಬಾಗಿಲ ಸಂದಿಯನ್ನು ಬೇಕೆಂದೇ ಬಿಟ್ಟೆ. ಗಾಳಿ ಹೇಗೂ ಬಂದೇ ಬರುತ್ತದೆ, ಮನೆಯ ತಂಪಾದ ಮೂಲೆಯಿಂದ ಬರಲಿ. ಎರಡು ಪೈಪಿನ ಮಾಡೆಲ್‌ಗೆ ಈ ತೊಂದರೆ ಕಡಿಮೆ. ಆದರೆ ನಾನು ಸುತ್ತಿದ ಅಂಗಡಿಗಳಲ್ಲಿ ಅದು ಕಾಣಲಿಲ್ಲ.

ಇದೇ ಕಾರಣಕ್ಕೆ ಡಬ್ಬಿ ಮೇಲಿನ 'ಒಂದು ಟನ್' ನಂಬಿ ದೊಡ್ಡ ರೂಮಿಗೆ ತರಬೇಡಿ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಎಸಿ ಎಷ್ಟು ಬಿಸಿ ತೆಗೆಯುತ್ತದೆ ಅನ್ನುವುದರ ಅಳತೆ). ಅಮೆರಿಕದಲ್ಲಿ ಮಾರುವ ಪೋರ್ಟಬಲ್ ಎಸಿಗಳ ಮೇಲೆ ಇಂಥ ಎರಡು ಬಿಟಿಯು ಲೆಕ್ಕ ಇರುತ್ತವೆ. ದೊಡ್ಡದು 12,000 ಇದ್ದರೆ, ಒಳನುಗ್ಗುವ ಬಿಸಿಗಾಳಿ ಮತ್ತು ಪೈಪಿನ ಬಿಸಿ ಲೆಕ್ಕ ಹಾಕಿದ ಎರಡನೆಯದು ಎಷ್ಟೋ ಮಷಿನ್‌ಗಳಲ್ಲಿ 7,000–8,000 ಮಾತ್ರ. ನಮ್ಮ ಹತ್ತು ಬೈ ಹನ್ನೊಂದರ ರೂಮಿಗೆ ಒಂದು ಟನ್ ಬೇಕೇ ಬೇಕಾಯಿತು. ಹಾಲ್‌ಗಂತೂ ಸಾಲುವುದಿಲ್ಲ.

ಪ್ಲಗ್ ಪಾಯಿಂಟ್ 16 ಆಂಪ್ಸ್‌ದು ಇರಲಿ. ಬೆಡ್‌ರೂಮಲ್ಲಿ ಸಣ್ಣ ಪಾಯಿಂಟ್ ಮಾತ್ರ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಸುತರಾಂ ಬೇಡ. ಕಂಪ್ರೆಸರ್ ರೂಮಿನೊಳಗೇ ಇರುವುದರಿಂದ ಸದ್ದು ಇದ್ದೇ ಇದೆ. ನನಗೆ ಅಭ್ಯಾಸವಾಯಿತು, ಮನೆಯವರಿಗೆ ಇನ್ನೂ ಆಗಿಲ್ಲ. ಗಾಳಿಯ ತೇವದಿಂದ ಮಷಿನ್ ಒಳಗೆ ಕೂಡುವ ನೀರು ಒಣ ಹವೆಯಲ್ಲಿ ಅದರಷ್ಟಕ್ಕೆ ಆವಿಯಾಗಿ ಪೈಪಿನಲ್ಲಿ ಹೋಗುತ್ತದೆ. ಮೇ ಮಳೆ ಶುರುವಾದ ಮೇಲೆ ತಳದ ಟ್ಯಾಂಕ್ ತುಂಬುತ್ತದೆ. ಮಂಗಳೂರಿನಂಥ ಕಡೆ ಇರುವವರು ಡ್ರೈನ್ ಪೈಪ್ ಹಾಕುವ ವ್ಯವಸ್ಥೆ ನೋಡಿಕೊಂಡೇ ತನ್ನಿ.

ಇನ್ನು ಬಿಲ್. ಮಷಿನ್ ಎಳೆಯುವುದು ಹತ್ತಿರ ಹತ್ತಿರ 1.3 ಕಿಲೋವ್ಯಾಟ್. ದಿನಕ್ಕೆ 5 ಗಂಟೆ ಓಡಿದರೆ ಆರೂವರೆ ಯೂನಿಟ್, ತಿಂಗಳಿಗೆ 195. ಗೃಹಜ್ಯೋತಿ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. 200 ಯೂನಿಟ್ ದಾಟಿದರೆ ಮೇಲಿನದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಫ್ರಿಜ್, ಗೀಸರ್ ಸೇರಿದರೆ ದಾಟುವುದು ಗ್ಯಾರಂಟಿ. ನಾವು ಮಲಗುವ ಮುಂಚೆ ಎರಡು ಗಂಟೆ ಓಡಿಸಿ, ಆಮೇಲೆ ಕಿಟಕಿ ತೆರೆದು ಫ್ಯಾನ್ ಹಾಕಿಕೊಳ್ಳುತ್ತೇವೆ. ಬೆಂಗಳೂರಿನ ರಾತ್ರಿಗೆ ಬಹುತೇಕ ಅಷ್ಟು ಸಾಕು.