ನ್ಯೂಜಿಲೆಂಡಿನ ಮನೆಗಳಲ್ಲಿ ಮೆಥ್ ಉಳಿಕೆ: ಪರೀಕ್ಷಿಸುವ ಮತ್ತು ತೊಳೆಯುವ ಕ್ರಮ

ಆಕ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳಲು ಹೊರಟ ನಮ್ಮ ಕಡೆಯ ಕುಟುಂಬಗಳು ತಪಾಸಣಾ ವರದಿಯಲ್ಲಿ 'ಮೆಥ್ (ಮೆಥಾಂಫೆಟಮೈನ್ ಎಂಬ ಮಾದಕವಸ್ತು) ಪತ್ತೆಯಾಗಿದೆ' ಎಂಬ ಒಂದು ಸಾಲು ಕಂಡ ಕೂಡಲೇ ಕಂಗಾಲಾಗುತ್ತವೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರಂತೂ ಆತಂಕ ಇಮ್ಮಡಿಯಾಗುತ್ತದೆ. ಅಂಥವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಮೈಕ್ರೋಗ್ರಾಂ, ಅದು ಒಂದು ಕೋಣೆಯದೋ ಇಡೀ ಮನೆಯದೋ? ಈ ಎರಡು ಸಂಗತಿ ತಿಳಿಯದೆ ಮನೆ ಬಿಡುವುದೂ ತಪ್ಪು, ಗೋಡೆ ಕೆಡವುವುದೂ ತಪ್ಪು.

ಇಲ್ಲಿ 'ಪಿ' ಎಂದು ಕರೆಯುವ ಮೆಥಾಂಫೆಟಮೈನನ್ನು ಮನೆಯೊಳಗೆ ಸೇದಿದಾಗ ಅದರ ಹೊಗೆ ಗೋಡೆ, ಚಾವಣಿ, ಕರ್ಟನ್, ಕಾರ್ಪೆಟ್‌ಗಳ ಮೇಲೆ ಕಣ್ಣಿಗೆ ಕಾಣದಂತೆ ಕೂರುತ್ತದೆ. ಅದರ ಪ್ರಮಾಣವನ್ನು 100 ಚದರ ಸೆಂಟಿಮೀಟರಿಗೆ, ಅಂದರೆ ಸುಮಾರು ಒಂದು ಅಂಗೈಯಷ್ಟು ಜಾಗಕ್ಕೆ, ಎಷ್ಟು ಮೈಕ್ರೋಗ್ರಾಂ ಎಂದು ಅಳೆಯುತ್ತಾರೆ. 2017ರಲ್ಲಿ ಬಂದ ಎನ್‌ಜೆಡ್‌ಎಸ್ 8510 ಎಂಬ ಮಾನದಂಡವು ವಾಸದ ಕೋಣೆಗಳಿಗೆ 1.5 ಮೈಕ್ರೋಗ್ರಾಂ ಮಿತಿಯನ್ನು ಹಾಕಿತ್ತು. ಅದಕ್ಕೂ ಮೊದಲು, ಮಾದಕವಸ್ತು ತಯಾರಿಸಿದ ಮನೆಗಳಿಗೆಂದು ರೂಪಿಸಿದ ಇನ್ನೂ ಬಿಗಿಯಾದ 0.5ರ ಮಿತಿಯನ್ನು ಬರೀ ಸೇದಿದ ಮನೆಗಳಿಗೂ ಅನ್ವಯಿಸಿ, ಸರ್ಕಾರಿ ವಸತಿಯ ಎಷ್ಟೋ ಬಡ ಕುಟುಂಬಗಳನ್ನು ಹೊರಹಾಕಲಾಗಿತ್ತು. 2018ರ ಮೇ ತಿಂಗಳಲ್ಲಿ ಪ್ರಧಾನಿಯವರ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಸರ್ ಪೀಟರ್ ಗ್ಲಕ್‌ಮನ್ ಅವರ ವರದಿಯು, ಬರೀ ಸೇದಿದ್ದರಿಂದ ಉಳಿದ ಅಂಶವು ನಂತರ ಬಂದು ವಾಸಿಸುವವರಿಗೆ ಕೇಡು ಮಾಡಿದ್ದಕ್ಕೆ ಪುರಾವೆಯಿಲ್ಲವೆಂದು ಹೇಳಿ, 15 ಮೈಕ್ರೋಗ್ರಾಮನ್ನು ಕ್ರಮ ಕೈಗೊಳ್ಳಬೇಕಾದ ಮಟ್ಟವೆಂದು ಸೂಚಿಸಿತು. ಆ ಬಳಿಕ ಬಾಡಿಗೆ ವ್ಯಾಜ್ಯಗಳನ್ನು ತೀರ್ಮಾನಿಸುವ ಟೆನೆನ್ಸಿ ಟ್ರಿಬ್ಯುನಲ್ ಕೂಡ ಹೆಚ್ಚಾಗಿ ಆ ಅಂಕಿಯನ್ನೇ ಹಿಡಿದು ತೀರ್ಪು ಕೊಡುತ್ತ ಬಂದಿದೆ. ಆದ್ದರಿಂದ '1.5 ದಾಟಿದೆ' ಎಂದು ಯಾರಾದರೂ ಹೆದರಿಸಿದರೆ ಈ ಹಿನ್ನೆಲೆ ನೆನಪಿರಲಿ. ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ.

ಮಾದಕವಸ್ತುವನ್ನು ತಯಾರಿಸಿದ ಮನೆಯ ವಿಷಯವೇ ಬೇರೆ. ಸಿಂಕಿನ ಸುತ್ತ ಲೋಹ ತಿಂದುಹೋಗಿರುವುದು, ಗೋಡೆಯ ಮೇಲೆ ಹಳದಿ ಅಥವಾ ಕೆಂಗಂದು ಕಲೆ, ಕಣ್ಣುರಿಸುವ ರಾಸಾಯನಿಕ ವಾಸನೆ, ಹೆಸರಿಲ್ಲದ ಸೀಸೆಗಳು, ರಬ್ಬರ್ ಕೊಳವೆಗಳು ಕಂಡರೆ ಯಾವುದನ್ನೂ ಮುಟ್ಟದೆ, ಮೂಸದೆ, ದೀಪದ ಸ್ವಿಚ್ ಕೂಡ ಒತ್ತದೆ ಹೊರಗೆ ಬಂದು ತುರ್ತು ಸಂಖ್ಯೆ 111ಕ್ಕೆ ಕರೆ ಮಾಡಿ. ಅಂಥ ಮನೆಯಲ್ಲಿ ದ್ರಾವಕ ಮತ್ತು ಆಮ್ಲಗಳ ಉಳಿಕೆಯೂ ಇರುವುದರಿಂದ ಅದು ಮನೆಯವರು ತೊಳೆದು ಮುಗಿಸುವ ಕೆಲಸವಲ್ಲ. ಮುಂದೆ ಹೇಳುವುದೆಲ್ಲ ಸೇದಿದ ಮನೆಗಳಿಗೆ ಮಾತ್ರ.

ಪರೀಕ್ಷೆಯ ಕ್ರಮವನ್ನು ಹತ್ತಿರ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಫಲಿತಾಂಶದ ಬೆಲೆ ನಿಂತಿರುವುದು ಅಲ್ಲಿಯೇ. ಪರೀಕ್ಷಕರು ಹೊಸ ಗ್ಲೌಸ್ ತೊಟ್ಟು, ಹತ್ತು ಸೆಂಟಿಮೀಟರ್ ಉದ್ದಗಲದ ಚೌಕವನ್ನು ಗೋಡೆಗೆ ಅಂಟಿಸಿ, ಮೆಥನಾಲ್‌ನಂಥ ದ್ರಾವಕದಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟುವಂಥ ತೆಳು ಬಟ್ಟೆ) ಚೌಕದ ಒಳಭಾಗವನ್ನು ಮೊದಲು ಅಡ್ಡಲಾಗಿ, ಬಟ್ಟೆಯನ್ನು ಮಡಚಿ ಮತ್ತೆ ಉದ್ದಕ್ಕೆ, ಒಂದಿಷ್ಟೂ ಬಿಡದಂತೆ ಒರೆಸಿ ಕೊಳವೆಗೆ ಹಾಕಿ ಮುಚ್ಚುತ್ತಾರೆ. ಕೋಣೆ ಬದಲಾದಾಗ ಗ್ಲೌಸ್ ಬದಲಾಗಬೇಕು. ಬದಲಾಯಿಸದಿದ್ದರೆ ಒಂದು ಕೋಣೆಯ ಅಂಶ ಇನ್ನೊಂದರ ಲೆಕ್ಕಕ್ಕೆ ಸೇರುತ್ತದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್, ಮೆಥ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಸೂಚಿಸುತ್ತದೆ, ನಿರ್ಧಾರಕ್ಕೆ ಪ್ರಯೋಗಾಲಯದ ಅಂಕಿಯೇ ಬೇಕು.

ಹೆಚ್ಚಿನವರು ಮೋಸಹೋಗುವುದು ಒಟ್ಟು ಮಾದರಿಯ ವರದಿಯಲ್ಲಿ. ಖರ್ಚು ಉಳಿಸಲು ಎಂಟು ಕೋಣೆಗಳ ಒರೆಸು ಬಟ್ಟೆಗಳನ್ನು ಒಂದೇ ಮಾದರಿಯಾಗಿ ಪರೀಕ್ಷಿಸುತ್ತಾರೆ. ವರದಿಯಲ್ಲಿ ಒಟ್ಟು 12 ಮೈಕ್ರೋಗ್ರಾಂ ಎಂದಿದ್ದರೆ ಅದು ಎಂಟೂ ಕೋಣೆಗಳ ಮೊತ್ತ. ಒರೆಸಿದ ಯಾವ ಜಾಗವೂ 12ನ್ನು ದಾಟಿರಲು ಸಾಧ್ಯವಿಲ್ಲ, ಸರಾಸರಿ 1.5 ಮಾತ್ರ. ಅದೇ ಮೊತ್ತ 40 ಎಂದಿದ್ದರೆ ಒಂದೇ ಕೋಣೆಯಲ್ಲಿ 35 ಇರಬಹುದು, ಅಥವಾ ಎಲ್ಲ ಕೋಣೆಗಳಲ್ಲೂ ಐದೈದು ಇರಬಹುದು. ಆಗ ಪ್ರತಿ ಕೋಣೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಎಂದು ಕೇಳಲೇಬೇಕು. ನನಗೆ ಪರಿಚಯದ ಒಬ್ಬರು ಇಂಥ ಮೊತ್ತವನ್ನೇ ಒಂದು ಕೋಣೆಯ ಅಂಕಿಯೆಂದು ತಿಳಿದು, ಮುಂಗಡ ಕೊಟ್ಟ ಮನೆಯನ್ನು ಕೈಬಿಟ್ಟರು; ಆ ಸಂಕಟವನ್ನು ನೋಡಿದ ಮೇಲೆಯೇ ಇದನ್ನು ಬರೆಯಬೇಕೆನಿಸಿತು. ಪರೀಕ್ಷೆ ಮಾಡುವವರೂ ಶುಚಿಗೊಳಿಸುವ ಗುತ್ತಿಗೆ ಹಿಡಿಯುವವರೂ ಒಂದೇ ಆಗಿರಬಾರದು ಎಂಬುದನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ.

ನೀವು ಬಾಡಿಗೆಗಿದ್ದರೆ, ಮಾಲೀಕರು ಈ ಪರೀಕ್ಷೆಗೆಂದು ಮನೆಯೊಳಗೆ ಬರುವ 48 ಗಂಟೆ ಮೊದಲು ತಿಳಿಸಬೇಕು ಮತ್ತು ಫಲಿತಾಂಶ ಸಿಕ್ಕ 7 ದಿನಗಳೊಳಗೆ ನಿಮಗೆ ಕೊಡಬೇಕು. ಕೊಳ್ಳುವವರು ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತ) ಸಿಗುವ ಲಿಮ್ ವರದಿಯನ್ನು, ಅಂದರೆ ಆ ಆಸ್ತಿಯ ಬಗ್ಗೆ ಕೌನ್ಸಿಲ್ ಬಳಿಯಿರುವ ಮಾಹಿತಿಯ ವರದಿಯನ್ನು, ನೋಡಬೇಕು, ಆದರೆ ಕೌನ್ಸಿಲಿಗೆ ಗೊತ್ತಿರುವುದಷ್ಟೇ ಅದರಲ್ಲಿರುತ್ತದೆ. ಮನೆಗೆ ವಿಮೆ ಇದ್ದರೆ ತೊಳೆಯುವ ಮೊದಲೇ ಕಂಪನಿಗೆ ತಿಳಿಸಿ.

ಶುಚಿ ಮಾಡುವುದಕ್ಕೆ ಮಾಂತ್ರಿಕ ದ್ರಾವಣ ಬೇಕಿಲ್ಲ, ಬೇಕಾದದ್ದು ತಾಳ್ಮೆ. ಮೊದಲು ಕಿಟಕಿಗಳನ್ನು ಕೆಲವು ದಿನ ತೆರೆದಿಟ್ಟು ಗಾಳಿಯಾಡಿಸಿ. ಉಳಿಕೆ ಹೆಚ್ಚಿರುವ ಕೋಣೆಯ ಕಾರ್ಪೆಟ್, ಅದರ ಕೆಳಗಿನ ಹಾಸು, ಹಾಸಿಗೆ, ಮಕ್ಕಳ ಮೆತ್ತನೆಯ ಆಟಿಕೆಗಳನ್ನು ಉಳಿಸಿಕೊಳ್ಳುವ ಆಸೆ ಬಿಡಿ, ಅವುಗಳೊಳಗೆ ಇಳಿದದ್ದನ್ನು ತೆಗೆಯುವುದು ಕಷ್ಟ. ಅತಿ ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಮಾತ್ರ ಬಳಸಿ, ಸಾಧಾರಣ ವ್ಯಾಕ್ಯೂಮ್ ಆ ಧೂಳನ್ನು ಮತ್ತೆ ಗಾಳಿಗೆ ಬಿಡುತ್ತದೆ. ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪನ್ನು ಸ್ವಿಚ್ ಆಫ್ ಮಾಡಿ ಅದರ ಫಿಲ್ಟರ್ ಬದಲಾಯಿಸಿ. ಆಮೇಲೆ ಬಿಸಿನೀರು ಮತ್ತು ಸಾಧಾರಣ ಡಿಟರ್ಜೆಂಟಿನಿಂದ ಚಾವಣಿ, ಗೋಡೆ, ನೆಲ ಎಂಬ ಕ್ರಮದಲ್ಲಿ, ಕಡಿಮೆ ಉಳಿಕೆಯ ಕೋಣೆಯಿಂದ ಹೆಚ್ಚಿನದರ ಕಡೆಗೆ ಸಾಗುತ್ತ ತೊಳೆದು, ಶುದ್ಧ ನೀರಿನಿಂದ ಒರೆಸಿ; ಇದನ್ನು ಒಟ್ಟು ಮೂರು ಸಲ ಮಾಡಿ. ಬಟ್ಟೆಯನ್ನೂ ನೀರನ್ನೂ ಆಗಾಗ ಬದಲಾಯಿಸದಿದ್ದರೆ ನೀವು ಉಳಿಕೆಯನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಬಳಿಯುತ್ತಿರುತ್ತೀರಿ. ಕೊಳೆ ನೀರನ್ನು ಮನೆಯ ಒಳಚರಂಡಿಗೇ ಸುರಿಯಿರಿ. ರಸ್ತೆಬದಿಯ ಮಳೆನೀರಿನ ಚರಂಡಿ ಹಳ್ಳಕ್ಕೂ ಸಮುದ್ರಕ್ಕೂ ಹೋಗುತ್ತದೆ. ಗ್ಲೌಸ್, ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ಬ್ಲೀಚನ್ನು ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ಮಕ್ಕಳನ್ನೂ ಗರ್ಭಿಣಿಯರನ್ನೂ ಕೆಲಸ ಮುಗಿಯುವವರೆಗೆ ದೂರವಿಡಿ.

ಗೃಹಪ್ರವೇಶಕ್ಕೆ ಮುಂಚೆ ಬಣ್ಣ ಹೊಡೆಸುವುದು ನಮ್ಮ ರೂಢಿ. ಈ ಮನೆಗಳಲ್ಲಿ ಅದನ್ನು ಮೊದಲು ಮಾಡುವುದು ದೊಡ್ಡ ತಪ್ಪು: ತೊಳೆಯದ ಗೋಡೆಯ ಮೇಲೆ ಬಳಿದ ಬಣ್ಣದ ಪದರವನ್ನು ದಾಟಿ ಉಳಿಕೆ ಮತ್ತೆ ಮೇಲಕ್ಕೆ ಬರಬಹುದು, ಅಲ್ಲದೆ ಪರೀಕ್ಷೆಯ ಫಲಿತಾಂಶವೂ ದಾರಿ ತಪ್ಪುತ್ತದೆ. ತೊಳೆದು ಗೋಡೆ ಪೂರ್ತಿ ಒಣಗಿದ ಮೇಲೆ, ಮೊದಲು ಹೆಚ್ಚಿನ ಅಂಕಿ ಬಂದಿದ್ದ ಕೋಣೆಗಳನ್ನು ಒಟ್ಟು ಮಾದರಿಯಲ್ಲಿ ಸೇರಿಸದೆ ಒಂದೊಂದಾಗಿ ಪರೀಕ್ಷಿಸಿ. ಅಂಕಿ ಇಳಿದಿಲ್ಲವೆಂದರೆ ಆ ಕೋಣೆಯನ್ನು ಮತ್ತೆ ತೊಳೆಯಬೇಕು. ಎರಡೂ ವರದಿಗಳನ್ನು ಮನೆಯ ಪತ್ರಗಳೊಂದಿಗೆ ಇಟ್ಟುಕೊಳ್ಳಿ, ಮುಂದೆ ಮಾರುವಾಗ ಕೇಳುತ್ತಾರೆ. ಬಣ್ಣದವರನ್ನು ಕರೆಯುವುದು ಎರಡನೆಯ ವರದಿ ಕೈಸೇರಿದ ಮೇಲೆ. ಅದಕ್ಕಾಗಿ ಹಾಲುಕ್ಕಿಸುವ ದಿನವನ್ನು ಒಂದೆರಡು ವಾರ ಮುಂದಕ್ಕೆ ಹಾಕಿಕೊಳ್ಳಿ.